ತಿರುಗುವ ತಲೆಕಟ್ಟು

ಅವೆನ್ಯೂ ರಸ್ತೆಯ ಒಳಗಲ್ಲಿ, ಝೆರಾಕ್ಸ್ ಅಂಗಡಿ ದಾಟಿದರೆ ನಮ್ಮದು.
ಡಾಕ್ಟರ ಫಲಕ, ಮನೆಹೆಸರು, ರಬ್ಬರ್ ಮೊಹರು,
ದರ್ಶಿನಿ ಹುಡುಗರ ಎದೆಗೆ ಒಂದೇ ಅಳತೆಯ ನೂರು ಬ್ಯಾಡ್ಜು.
ಶಟರ್ ಅರ್ಧ ಎಳೆದಿದ್ದೆ.
ಬಗ್ಗಿ ಒಳಗೆ ಬಂದೆ ನೀನು.

"ಹೆಸರು?"
"ಪಲ್ಲವ. ಕೆಲವು ದಿನ ಪಲ್ಲವಿ.
ಎರಡೂ ಒಂದರಲ್ಲೇ ಬೇಕು."
ಎರಡು ಮಾಡಿಸಿಕೋ, ಅಗ್ಗ, ಎಂದೆ.
"ಎರಡಿದ್ದರೆ ಒಂದು ಮನೆಯಲ್ಲೇ ಉಳಿಯುತ್ತೆ.
ಉಳಿದದ್ದೇ ಆವತ್ತು ಬೇಕಾಗಿರುತ್ತೆ."

ವಿಲ್ಸನ್ ಗಾರ್ಡನ್ನಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನಿನ್ನದು.
ಸೂಜಿ ನೋಡಲಾರದವರೆಲ್ಲ
ನಿನ್ನ ಎದೆಯ ಹೆಸರನ್ನೇ ನೋಡುತ್ತಾರಂತೆ,
ಕಣ್ಣು ಕೀಳದೆ, ಟ್ಯೂಬು ತುಂಬುವ ತನಕ.

ಮಾವನಿಂದ ಕಲಿತ ಕೈ ನನ್ನದು.
ಕೊಂಬು ಸೊಟ್ಟಾದರೆ ಗಿರಾಕಿಯ ಮಾನ ಸೊಟ್ಟ, ಎನ್ನುತ್ತಿದ್ದರು.
ಮೂವತ್ತು ವರ್ಷ ಕೊರೆದೂ ಕಾಣದ್ದು
ಆ ರಾತ್ರಿ ಹಿತ್ತಾಳೆಯ ಮೇಲೆ ಕಂಡಿತು:
ವ ಅಂದರೂ ವಿ ಅಂದರೂ ಮೈ ಒಂದೇ.
ಒಂದಕ್ಕೆ ತಲೆಕಟ್ಟು, ಇನ್ನೊಂದಕ್ಕೆ ಗುಡಿಸು.
ಇಷ್ಟಕ್ಕೇ ಬಸ್ಸಿನಲ್ಲಿ
ಮುಂದಿನ ಬಾಗಿಲು, ಹಿಂದಿನ ಬಾಗಿಲು.

ಅಕ್ಷರದ ತಲೆಯನ್ನು ಗರಗಸದಿಂದ ಬಿಡಿಸಿದೆ.
ಪುಟ್ಟ ಬಿಲ್ಲೆಯ ಮೇಲೆ ಎರಡನ್ನೂ ಕೂರಿಸಿ ನಡುವೆ ಒಂದು ರಿವೆಟ್.
ಬಿಗಿಯಾದರೆ ಹೆಬ್ಬೆರಳು ನೋಯುತ್ತದೆ.
ಸಡಿಲವಾದರೆ ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ
ಯಾರದೋ ಮೊಣಕೈ ನಿನ್ನ ಹೆಸರನ್ನು ತಿರುಗಿಸಿಬಿಡುತ್ತದೆ.
"ಇಷ್ಟು ದಿನ ಆಗಿದ್ದೇ ಅದು," ಎಂದು ನೀನು ನಕ್ಕೆ.

ಅಳಿಯ ಕೇಳಿದ: ಯಾರು ಬಂದಿದ್ದು? ಅವನಾ, ಅವಳಾ?
ಲೆಕ್ಕದ ಪುಸ್ತಕ ಹಿಡಿದು ತಡವರಿಸಿದೆ.
ನಾನು ಬಂದರೂ ಬಂದೆ, ನೀನು ಬಂದರೂ ಬಂದೆ;
ಎದುರುಬದುರು ಕೂತಷ್ಟು ಹೊತ್ತು
ನಮ್ಮ ಮಾತಿಗೆ ಯಾವ ತೊಡಕೂ ಇರಲಿಲ್ಲ.
ನೀನು ಮೆಟ್ಟಿಲಿಳಿದ ಮೇಲೆಯೇ
ಕ್ರಿಯಾಪದಕ್ಕೊಂದು ಬಾಲ ಬೇಕಾಯಿತು.
"ಪಲ್ಲವ ಬಂದದ್ದು," ಎಂದೆ. "ಮುಂಗಡ ನೂರು ಕೊಟ್ಟಾಗಿದೆ."

ಒಂದು ತಕರಾರು ಮಾತ್ರ ಉಳಿದಿತ್ತು.
ಬಿಲ್ಲೆ ಅರ್ಧಕ್ಕೆ ನಿಂತರೆ ಅದು ವ ಅಲ್ಲ, ವಿ ಅಲ್ಲ,
ಬೋಳು ಅಕ್ಷರ, ಓದಲಿಕ್ಕೇ ಬರುವುದಿಲ್ಲ.
ಅಲ್ಲಿ ನಿಲ್ಲದ ಹಾಗೆ ತಡೆ ಹಾಕಲೇ, ಎಂದೆ.
ಬೇಡ, ಎಂದೆ ನೀನು.
ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾಲ್ಕು ತಿಂಗಳಿಗೆ ಮತ್ತೆ ಬಂದೆ, ರಿವೆಟ್ ಅಲ್ಲಾಡುತ್ತಿದೆ ಎಂದು.
ಭೂತಗನ್ನಡಿ ಹಿಡಿದೆ.
ತಲೆಕಟ್ಟಿನ ತಾವಿನಲ್ಲಿ ಒಂದಿಷ್ಟು ಗೀರು,
ಗುಡಿಸಿನ ಹತ್ತಿರವೂ ಅಷ್ಟೇ.
ನಡುವೆ, ನಾನು ತಡೆ ಹಾಕಹೊರಟಿದ್ದ ಕಡೆ,
ಹಿತ್ತಾಳೆ ಸವೆದು ಸಣ್ಣ ಹಳ್ಳ.
ಬಿಲ್ಲೆ ತಾನಾಗಿ ಅಲ್ಲಿ ಬಂದು ಕೂರುತ್ತಿತ್ತು.

ಕೂತ್ಕೋ, ಎಂದೆ. ಕಾಫಿ ಹೇಳಿದೀನಿ.
ಹಳ್ಳ ಮುಚ್ಚಲಿಲ್ಲ. ರಿವೆಟ್ ಒಂದೇ ಬದಲಿಸಿದೆ.