ಚಾವಿ ಇಲ್ಲದ ಪೆಟ್ಟಿಗೆ

ಧಾರವಾಡದ ಹಳೇ ಮಿಶನ್ ಬಂಗಲೆಯ
ಸಾಮಾನು ಬರೆದುಕೊಳ್ಳುವ ಕೆಲಸ ನನ್ನದು.
ಕುರ್ಚಿ ಹನ್ನೊಂದು, ಒಂದಕ್ಕೆ ಕಾಲಿಲ್ಲ.
ಹಾರ್ಮೋನಿಯಂ ಒಂದು, ಇಲಿ ಕಡಿದದ್ದು.
ಸಾಗವಾನಿ ಪೆಟ್ಟಿಗೆ ಒಂದು, ತೆಗೆಯಲಾಗದ್ದು.
ಅದರ ಕೊಂಡಿಗೆ ಕಟ್ಟಿದ ತಗಡಿನ ಬಿಲ್ಲೆಯ ಮೇಲೆ
ಯಾರೋ ದಬ್ಬಣದಿಂದ ಗೀಚಿದ ಒಂದೇ ಪದ:
ಕ್ಲಾವ್.

ಇಂಗ್ಲಿಷಲ್ಲ, ಜರ್ಮನ್ನೂ ಅಲ್ಲ, ಅಂದರು ಪಾಸ್ಟರು.
ಅಲ್ಲಿಗೆ ಇಲ್ಲಿಗೆ ಬರೆದು ಮೂರು ತಿಂಗಳಿಗೆ ಉತ್ತರ ಬಂತು,
ಹಿಮದ ಕಣಿವೆಯಿಂದ, ನಿವೃತ್ತ ಮಾಸ್ತರೊಬ್ಬರದು:
ಇದು ನಮ್ಮ ರೊಮಾನ್ಶ್.
ಆಡುವವರೆಲ್ಲ ಸೇರಿದರೂ ಒಂದು ಪೇಟೆ ತುಂಬೀತು ಅಷ್ಟೆ.
ಅರ್ಥ, ಚಾವಿ.
ಕೆಳಗೆ ಹಸಿರು ಶಾಯಿಯಲ್ಲಿ ಪದದ ವಂಶಾವಳಿ:
ತಾಯಿ ಲ್ಯಾಟಿನ್ನಿನ ಕ್ಲಾವಿಸ್,
ಸ್ಪೇನಿಗೆ ಹೋದ ಮಗಳ ಬಾಯಲ್ಲಿ
'ಕ್ಲ' ಕರಗಿ ಉಳಿದದ್ದು: ಯಾವೆ.

ಸುಭಾಸ ರೋಡಿನ ಹಜರೇಸಾಬನಿಗೆ ಓದಿ ಹೇಳಿದೆ.
ಅರವನ್ನು ಕಿವಿಯ ಮೇಲಿಟ್ಟು ನಕ್ಕ:
"ದಿನಾ ನೂರ್ ಮಂದಿಗೆ ಯಾವ ಚಾವಿ, ಯಾವ ಚಾವಿ
ಅಂತ ನಾನs ಕೇಳ್ತೀನಲ್ರೀ ಸರ.
ಒಂದs ಮಾತು ಎರಡ್ ಸಲ ಅಂದಂಗಾತು!"
ಹೌದು ಮಾರಾಯ, ಅಂದೆ. ನಿನ್ನ ಚಾವಿಯೂ ಅದೇ ಮನೆಯದು,
ಪೋರ್ತುಗೀಸರ ಹಡಗಿನಿಂದ ಇಳಿದು,
ಉಪ್ಪಿನ ಎತ್ತುಗಳ ಹಿಂದೆ ಘಟ್ಟ ಹತ್ತಿ
ಬಂದಿರಬೇಕು ಇಲ್ಲಿಗೆ.
"ಪಾಪ, ಎಷ್ಟ್ ದಣದಿತ್ತೋ," ಅಂದ.

ಚೀಲ ಹೆಗಲಿಗೇರಿಸಿ ಬಂಗಲೆಗೆ ಬಂದ.
ಕುಕ್ಕರಗಾಲಲ್ಲಿ ಕೂತು, ತುಕ್ಕು ಕೆರೆದು,
ಬೆರಳಿನಿಂದಲೇ ನೋಡಿದ. ಆಮೇಲೆ:
"ಸರ, ಇದಕ್ಕ ಕೀಲಿನೂ ಇಲ್ಲ, ಚಾವಿನೂ ಇಲ್ಲ.
ಬರೇ ಒಂದು ಮಳಿ ಸಿಗಸ್ಯಾರ."

ಗೇಣುದ್ದದ ಮೊಳೆ. ಕೊಂಡಿಯಲ್ಲಿ ನೂರು ವರ್ಷ
ಸುಮ್ಮನೆ ತೂರಿಕೊಂಡಿದ್ದದ್ದು.
ಅದಕ್ಕೇ ಬಿಲ್ಲೆ ಕಟ್ಟಿ ಚಾವಿ ಅಂತ ಬರೆದವಳು
(ಅವಳೇ ಇರಬೇಕು, ಅಕ್ಷರ ಅಷ್ಟು ಸಣ್ಣ)
ತಮಾಷೆಗೆ ಬರೆದಳೋ, ಗೊತ್ತಿದ್ದು ಬರೆದಳೋ.
ಮಾಸ್ತರರ ಪತ್ರದ ಹಿಂಬದಿಗೆ ಇನ್ನೊಂದು ಸಾಲಿತ್ತು:
ಕ್ಲಾವುಸ್ ಅಂದರೆ ಮೊಳೆ, ಕ್ಲಾವಿಸ್‌ನ ಒಡಹುಟ್ಟು.
ನಮ್ಮ ಕೀಲಿಯೂ ಮೊದಲು ಕೀಲವೇ ಅಲ್ಲವೆ,
ಬಾಗಿಲಿಗೆ ಅಡ್ಡ ಸಿಕ್ಕಿಸಿದ ಬರಿ ಗೂಟ.

ಒಳಗೆ? ಉಣ್ಣೆಯ ಕಾಲುಚೀಲ ಏಳು ಜೊತೆ,
ಹುಳ ಹೊಡೆದವು, ಒಂದೂ ತೊಟ್ಟಂತಿಲ್ಲ.
ಈ ಊರಿನ ಬ್ಯಾಸಗಿ ಅವಳಿಗೆ ಯಾರೂ ಹೇಳಿರಲಿಲ್ಲ.
ಪಟ್ಟಿಯಲ್ಲಿ ಬರೆದುಕೊಂಡೆ.

"ಸ್ಪೇನಿನವರು ಯಾವೆ ಅಂತ ಮತ್ತೇನೇನಕ್ಕ ಅಂತಾರ?"
ನೀರಿನ ನಳಕ್ಕೂ ಅಂತಾರಂತೆ ಕೆಲವು ಕಡೆ, ಪಾನಾಕ್ಕೂ;
ಕುಸ್ತಿಯಲ್ಲಿ ಹಾಕುವ ಪಟ್ಟಿಗೂ ಅದೇ ಮಾತು.
"ಹೌದೇನ್ರೀ!" ಹಜರೇಸಾಬನ ಮುಖ ಅರಳಿತು.
ಮೂವತ್ತು ವರ್ಷದ ಹಿಂದೆ ಗರಡಿ ಬಿಟ್ಟವನು
ಅರದ ಪುಡಿ ಮೆತ್ತಿದ ಕೈಯಿಂದ
ನನ್ನ ಮುಂಗೈ ಹಿಡಿದು ಹಿಂದಕ್ಕೆ ತಿರುವಿದ:
"ಹಿಂಗs?"

ಪೆನ್ನು ಬಿತ್ತು, ಪಟ್ಟಿ ಬಿತ್ತು.
ಬಿಡೋ ಯಪ್ಪಾ, ಅಂದೆ.
ಬಿಟ್ಟ.