ತಳ

ಕೈಗೆ ಬಂದದ್ದನ್ನು ಮೊದಲು ಬೋರಲು ಹಾಕುತ್ತೇನೆ.
ಚಂದಕ್ಕೆ ನೋಡುವವರು ಮೈ ನೋಡಲಿ,
ಕೊಳ್ಳುವವನು ತಳ ನೋಡಬೇಕು:
ಮುದ್ರೆ, ಬೂದಿಯ ಕಲೆ,
ತಿಗರಿಯಿಂದ ದಾರ ಎಳೆದು ಕೊಯ್ದ ಗೆರೆ,
ಹಸಿಯಿದ್ದಾಗ ಎತ್ತಿದವನ ಹೆಬ್ಬೆರಳು.

ಹೊಟ್ಟೆಪಾಡಿಗೆ ಹಲ್ಲು ಮಾಡುತ್ತೇನೆ.
ದುರ್ಗಿಗುಡಿ, ಎರಡನೇ ಮಹಡಿ, ಕನ್ನಡಕದಂಗಡಿಯ ಮೇಲೆ.
ಮುಷ್ಟಿ ಹಿಡಿಸುವಷ್ಟು ಕುಲುಮೆ, ಒಂಬೈನೂರು ಡಿಗ್ರಿ,
ದಿನಕ್ಕೆ ಹದಿನಾರು ಹಲ್ಲು,
ಒಂದು ಬಾಯಿಯನ್ನೂ ನೋಡದೆ.

ಮೊದಲನೆಯದು ಸಿಕ್ಕಿದ್ದು ಖಲಂದರನ ಗುಜರಿಯಲ್ಲಿ.
ಭದ್ರಾವತಿಯ ಯಾವುದೋ ಬಂಗಲೆ ಖಾಲಿಯಾದಾಗ
ಫ್ಯಾನು, ಕಮೋಡು, ಕಬ್ಬಿಣದ ಮಂಚದ ಜೊತೆ ಬಂತಂತೆ.
ತುಕ್ಕು ಮೊಳೆ ತುಂಬಿಟ್ಟಿದ್ದ.
"ಮೊಳೆ ಬೇಕಾ, ಮಡಕೆ ಬೇಕಾ?"
ಮಡಕೆಗೆ ಅರವತ್ತು. ಮೊಳೆಗೆ ತೂಕದ ಲೆಕ್ಕ.

ಆಮೇಲೆ ಹನ್ನೊಂದು ವರ್ಷ.
ಪುದುಚೇರಿಯ ಹರಾಜು, ಹುಲ್ಲಿನೊಳಗೆ ಮಲಗಿ ಬಂದ ಪಾರ್ಸೆಲ್ಲು,
ಸೊಸೈಟಿ ಸಾಲ ತೆಗೆದು ತಂದ ವಲೋರಿಸಿನ ಹಸಿರು ಹೂಜಿ.
ಲಾ ಬೋರ್ನ್ ಅನ್ನುವ ಊರು ನನ್ನ ನಾಲಿಗೆಗೆ ಹೊರಳುವುದಿಲ್ಲ;
ಅಂಬುಜಾಕ್ಷಿ ಕೇಳುತ್ತಾಳೆ,
"ಇದೂ ನಿಮ್ಮ ಲಾ ಬೋರಾ?"

ಈಗ ನಲವತ್ತೊಂದು.
ಭಾನುವಾರ ನಾನೇ ಧೂಳೊರೆಸುತ್ತೇನೆ, ಬೆರಳ ಗೆಣ್ಣಿನಿಂದ ತಟ್ಟುತ್ತೇನೆ.
ಗಟ್ಟಿಯಿದ್ದದ್ದು ಠಣ್ ಅನ್ನುತ್ತದೆ,
ಒಡಕಿದ್ದದ್ದು ಕೆಮ್ಮುತ್ತದೆ.

ಆ ಮೊದಲನೆಯದರ ಬಾಯಂಚಲ್ಲಿ ಚಕ್ಕೆ ಹಾರಿತ್ತು,
ಕಡಲೆಬೀಜದಷ್ಟು.
ಮುರಿದ ಹಲ್ಲಿಗೇ ನಾಲಿಗೆ ಹೋದ ಹಾಗೆ
ಅಲ್ಲಿಗೇ ನನ್ನ ಬೆರಳು.

ಲ್ಯಾಬಿನ ಡಬ್ಬಿಯಲ್ಲಿ ವಾರಸುದಾರರಿಲ್ಲದ ಹಲ್ಲುಗಳಿವೆ,
ಅಳತೆ ಕೊಟ್ಟು ಹೋದವರವು, ತಿರುಗಿ ಬಾರದವರವು.
ಶಿಕಾರಿಪುರದ ಮೇಡಮ್ಮೊಬ್ಬರ ಬಲದವಡೆಯದು,
ಚೀಟಿಯಲ್ಲಿ ಅರ್ಜೆಂಟ್, ಮಗಳ ಮದುವೆಗೆ ಮುಂಚೆ.
ನಾಲ್ಕು ವರ್ಷ ಕಾದೆ.
ಒಂದು ರಾತ್ರಿ ಅದನ್ನೇ ಉಜ್ಜಿ, ಸವೆಸಿ,
ಹಲ್ಲಿನ ಸಿಮೆಂಟು ಹಚ್ಚಿ ಅಂಚಿಗೆ ಕೂರಿಸಿದೆ.
ಟೀ ಕುಡಿದ ಹಲ್ಲಿನ ಬಣ್ಣ.
ಬೂದು ಮಡಕೆಗೆ ಒಂಚೂರೂ ಹೊಂದಲಿಲ್ಲ.

ಪುದುಚೇರಿಯವನು ಫೋಟೋ ನೋಡಿ ಫೋನ್ ಮಾಡಿದ:
"ಕೆಡಿಸಿದಿರಲ್ಲ ಸ್ವಾಮಿ, ಇನ್ನಿದಕ್ಕೆ ಬೆಲೆಯಿಲ್ಲ."
ನಿಜ. ಅರವತ್ತೂ ಬರಲಿಕ್ಕಿಲ್ಲ.

"ಹಂಗಾದ್ರೆ ಕಲ್ಲುಪ್ಪು ಹಾಕ್ಲಾ?" ಅಂದಳು ಅಂಬುಜಾಕ್ಷಿ.
ಉರಿಯುವ ಭಟ್ಟಿಗೆ ಉಪ್ಪೆರಚಿ ಮೆರುಗು ಬರಿಸಿದ ಮೈ ಅದು,
ಹೆದರಲಿಕ್ಕಿಲ್ಲ.
ಹಾಕು ಅಂದೆ.

ಈಗ ಒಲೆಯ ಪಕ್ಕ ಕೂತಿದೆ. ತಳ ನೋಡಿ ಎಷ್ಟೋ ದಿನವಾಯಿತು.
ಸಾರಿಗೆ ಉಪ್ಪು ತೆಗೆಯುವಾಗ
ಚಮಚ ಅಂಚಿಗೆ ತಗುಲಿದರೆ
ಆ ಒಂದು ಕಡೆ ಸದ್ದು ಬೇರೆ.