ಎಣಿಕೆ ತಪ್ಪಿದರೆ

ಕುಹ್ಮೊ ಊರಿನಾಚೆ, ಸೌನಾದ ಪಕ್ಕದ ಕೋಣೆಯಲ್ಲಿ
ಹಿಲ್ಕಾ ಮೊದಲು ರೇಡಿಯೊ ಆರಿಸುತ್ತಾಳೆ.
ಆಮೇಲೆ ಫೋನು. ಆಮೇಲೆ ನನ್ನ ಬಾಯಿ.

"ಯೂಸೊ, ಮೇಜಿನ ಮೇಲೆ ಒಂದೇ ಡಬ್ಬಿ ಮದ್ದಿರಲಿ.
ಎರಡಿದ್ದರೆ ಒಂದು ಸುಳ್ಳು ಹೇಳುತ್ತದೆ."

ಹೋದ ವರ್ಷ ಕೋವಿ ಉಗುಳಿದ ಹಿತ್ತಾಳೆಯ ಖಾಲಿ ತೋಟೆಗಳು
ಮಸಿ ತೊಳೆದು, ಒಣಗಿ,
ಹಲ್ಲುಜ್ಜಿಸಿಕೊಂಡ ಮಕ್ಕಳಂತೆ ಸಾಲಾಗಿ ನಿಂತಿವೆ.
ತುದಿ ಬಾಗಿಸಿದ ತಂತಿ ಇಳಿಸಿ
ಒಳಗಿನ ಬುಡದ ಸುತ್ತ ಮೆಲ್ಲನೆ ಗೀರುತ್ತೇನೆ.
ತಂತಿ ಎಡವಿದಲ್ಲಿ ಬಿರುಕು ಕಾಯುತ್ತಿರುತ್ತದೆ,
ಹೊರಗೆಲ್ಲ ಫಳಫಳ.
ಅಂಥವು ಮೂರು ಸಿಕ್ಕವು. ಇಕ್ಕಳದಲ್ಲಿ ಜಜ್ಜಿ ಎಸೆದಳು,
ಯಾರೂ ಹೆಕ್ಕಿ ತಂದು ಮತ್ತೆ ತುಂಬದಂತೆ.

ಅಚ್ಚಿಗೆ ಕೊಡುವ ಮುನ್ನ ಉಣ್ಣೆಯ ಜಿಡ್ಡು ಸವರಬೇಕು.
ಕಡಿಮೆಯಾದರೆ ಕಚ್ಚಿಕೊಳ್ಳುತ್ತದೆ,
ಹೆಚ್ಚಾದರೆ ಹಿತ್ತಾಳೆಯ ಭುಜ ನೆಗ್ಗುತ್ತದೆ.
ಎಷ್ಟು ಮತ್ತೆ, ಎಂದೆ.
"ಕೊಡಲು ಮನಸ್ಸಿಲ್ಲದ ಅತ್ತೆ
ಬ್ರೆಡ್ಡಿಗೆ ಬೆಣ್ಣೆ ಸವರುವಷ್ಟು."

ಕೇಪು ಒತ್ತಿದ ಮೇಲೆ ಬೆರಳಿಂದ ನೋಡು, ಕಣ್ಣಿಂದಲ್ಲ:
ಬುಡಕ್ಕಿಂತ ಕೂದಲೆಳೆ ತಗ್ಗಿರಬೇಕು.

ಇನ್ನು ತಕ್ಕಡಿ.
ಇಲ್ಲಿ ಗುಲಗಂಜಿಯೂ ಬಂಡೆಗಲ್ಲು.
ಕಿಟಕಿ ಮುಚ್ಚು, ಗಾಳಿಗೂ ತೂಕವಿದೆ.
ಪುಸ್ತಕದ ಕೊನೆಯ ಅಂಕಿಗೆ ಹಾರಬೇಡ,
ಮೊದಲ ಅಂಕಿಯಿಂದ ಹತ್ತು.
"ನಮ್ಮ ತೈಸ್ತೊ ಕೊನೆಯದರಿಂದ ಶುರುಮಾಡಿದ."
ಅಷ್ಟೇ. ಮುಂದಿನದು ಹೇಳಲಿಲ್ಲ.
ಗೋಡೆಯ ಮೊಳೆಯಲ್ಲಿ ನಳಿಗೆ ಸೀಳಿದ ಕೋವಿ,
ಅದರ ಮೇಲೆ ಧೂಳಿರಲಿಲ್ಲ.

ಮೂವತ್ತೊಂದು ತುಂಬಿದ್ದೆ.
ಪಕ್ಕದ ಮನೆಯ ಔನೆ ಯೀಸ್ಟ್ ಕೇಳಿಕೊಂಡು ಬಂದಳು.
ನಾನೇ ಎದ್ದು ಕೊಟ್ಟೆ, ನಾಯಿಯ ಬಗ್ಗೆ ಎರಡು ಮಾತಾಡಿದೆ.
ಬಂದು ಕೂತರೆ,
ಹಾಕಿದ್ದೆನೋ? ಒಂದಕ್ಕೇ ಎರಡು ಸಲವೋ?
ಟಾರ್ಚ್ ಬಿಟ್ಟು ಬಾಯಿಗಳೊಳಗೆ ಇಣುಕಿದೆ.
ಎಲ್ಲ ಸಮ ಅನ್ನಿಸಿತು, ಎಂದೆ.
"ಅನ್ನಿಸಿತು" ಎಂಬ ಮಾತನ್ನೇ ಎತ್ತಿಕೊಂಡವಳಂತೆ
ಮೂವತ್ತೊಂದನ್ನೂ ಡಬ್ಬಿಗೆ ಸುರಿದಳು.
ಬೈಯಲಿಲ್ಲ. ಕಾಫಿಗಿಟ್ಟಳು.

ಮದ್ದು ಅಂದರೆ ಔಷಧ ಕೂಡ.
ಎರಡಕ್ಕೂ ಅಳತೆಯೇ ಗುಣ.

ಭಾನುವಾರ ಕೆರೆದಂಡೆ, ಮೊದಲ ಹಿಮ.
ನೂರು ಮೀಟರಿನಲ್ಲಿ ಕಾಗದ, ಮೂರು ಗುಂಡು.
ಉಸಿರು ಬಿಟ್ಟು, ಅರ್ಧದಲ್ಲಿ ನಿಲ್ಲಿಸಿ, ಒತ್ತಿದೆ.
ಓಡಿದೆ. ಮೂರು ತೂತು,
ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ!
ಅಕ್ಟೋಬರಿನ ಮೂಸ್ ಬೇಟೆಗೆ ನಾನೂ, ಎಂದು ಕೂಗಿದೆ.

ಅವಳು ಕಾಗದದ ಕಡೆ ತಿರುಗಲೂ ಇಲ್ಲ.
ಹಿಮದಲ್ಲಿ ಮೊಣಕಾಲೂರಿ
ಇನ್ನೂ ಬೆಚ್ಚಗಿದ್ದ ಖಾಲಿ ತೋಟೆಗಳನ್ನು ಹೆಕ್ಕಿ
ಒಂದೊಂದರ ಬುಡವನ್ನೂ ಬೆಳಕಿಗೆ ಹಿಡಿದಿದ್ದಳು.